ಪವರ್ ಹಿಮ್ಮಡಿಯಿಂದ ಶುರು

(1/8)

ಹೋದ ವಾರ ಹಾಕಿದ ಹಲಗೆ ಒಡೆಯೋ ವಿಡಿಯೋಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ನೋಡೋಕೆ ಅಗರಬತ್ತಿ ಥರ ಇದ್ದೀಯ, ಪವರ್ ಎಲ್ಲಿಂದ ಬರುತ್ತೆ?" ಇನ್ನರ್ಧ ಜನ ಕೇಳಿದ್ದು: "ಹಲಗೇನ ಮೊದಲೇ ಕೊಯ್ದಿಟ್ಟಿದ್ರಾ?"

ಕೊಯ್ದಿರಲಿಲ್ಲ ಕಣ್ರಪ್ಪಾ. ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರ ಸ್ವಲ್ಪ ಉದ್ದ ಇದೆ. ಅದಕ್ಕೇ ಎಂಟು ಪೋಸ್ಟ್.

ನನ್ನ ತೂಕ 46 ಕಿಲೋ. ಊರು ಶಿಡ್ಲಘಟ್ಟದ ಪಕ್ಕದ ಹಳ್ಳಿ, ಕಾಲೇಜು ಚಿಕ್ಕಬಳ್ಳಾಪುರದಲ್ಲಿ, ಓದ್ತಿರೋದು ಬಿ.ಎಸ್ಸಿ. ಮನೇಲಿ ತೆಲುಗು, ಬಸ್ಸಲ್ಲಿ ಕನ್ನಡ, ಸಂಜೆ ಕ್ಲಾಸಲ್ಲಿ ಕೊರಿಯನ್. "ಚರ್ಯೊತ್" ಅಂದ್ರೆ ನೆಟ್ಟಗೆ ನಿಲ್ಲು, "ಜುನ್‌ಬಿ" ಅಂದ್ರೆ ರೆಡಿ, ಆಮೇಲೆ ಹಾನ, ದೂಲ್, ಸೆತ್ ಅಂತ ಎಣಿಕೆ. ಟೇಕ್ವಾಂಡೋ ಕಲಿಯೋಕೆ ಶುರು ಮಾಡಿ ಇದು ಐದನೇ ವರ್ಷ, ಈಗ ರೆಡ್ ಬೆಲ್ಟ್.

ಹೆಸರಲ್ಲೇ ಅರ್ಥ ಇದೆ. "ಟೇ" ಅಂದ್ರೆ ಕಾಲಿನ ಹೊಡೆತ, "ಕ್ವಾನ್" ಅಂದ್ರೆ ಮುಷ್ಟಿ, "ಡೋ" ಅಂದ್ರೆ ದಾರಿ. ಈ ಹೆಸರಿಟ್ಟಿದ್ದು 1955ರಲ್ಲಿ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಇದು ಪೂರ್ತಿ ಪದಕದ ಆಟ.

ಹೆಸರಲ್ಲಿ ಕಾಲೂ ಇದೆ, ಮುಷ್ಟಿಯೂ ಇದೆ. ಅದಕ್ಕೇ ಎಲ್ರೂ ಪವರ್ ಅಲ್ಲೇ ಇದೆ ಅಂದ್ಕೋತಾರೆ. ನಾನು ಹೇಳೋದು ಇಷ್ಟೇ: ಕಾಲು, ಕೈ ಎರಡೂ ಡೆಲಿವರಿ ಬಾಯ್ಸ್. ಮಾಲು ಬರೋದು ಬೇರೆ ಕಡೆಯಿಂದ. ಇದು ಗೊತ್ತಿಲ್ಲದೆ ಒದ್ರೆ ಏನಾಗುತ್ತೆ ಅನ್ನೋದನ್ನ ಐದನೇ ಪೋಸ್ಟಲ್ಲಿ ಬರೆದಿದ್ದೀನಿ. ಅದನ್ನ ಮಾತ್ರ ಬಿಡದೇ ಓದಿ.

(2/8) ನೆಲ

ಒಂದು ಸಣ್ಣ ಪ್ರಯೋಗ. ಗಾಲಿ ಇರೋ ಕುರ್ಚಿ ಮೇಲೆ ಕೂತು, ಎರಡೂ ಕಾಲು ಮೇಲೆತ್ತಿ, ಎದುರಿಗೆ ನಿಂತ ಫ್ರೆಂಡ್ ಭುಜ ತಳ್ಳಿ. ಹಿಂದಕ್ಕೆ ಹೋಗೋದು ನೀವೇ. ಈಗ ಎದ್ದು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಊರಿ ಅದೇ ಥರ ತಳ್ಳಿ. ಈ ಸಲ ಹಿಂದೆ ಹೋಗೋದು ಅವರು.

ತೋಳು ಅದೇ, ಮಾಂಸಖಂಡ ಅದೇ. ಹೊಸದಾಗಿ ಸೇರಿದ್ದು ನೆಲ ಒಂದೇ. ನ್ಯೂಟನ್ನಿನ ಮೂರನೇ ನಿಯಮ ಎಸ್ಸೆಸ್ಸೆಲ್ಸಿಗೆ ಬಾಯಿಪಾಠ ಮಾಡಿದ್ವಲ್ಲ, ಅದೇ ಇದು. ನೀವು ನೆಲವನ್ನ ಎಷ್ಟು ಹಿಂದಕ್ಕೆ ಒತ್ತುತ್ತೀರೋ ನೆಲ ನಿಮ್ಮನ್ನ ಅಷ್ಟೇ ಮುಂದಕ್ಕೆ ಒತ್ತುತ್ತೆ. ಸೋಪಿನ ನೀರು ಚೆಲ್ಲಿರೋ ಬಚ್ಚಲಲ್ಲಿ ನಿಂತ್ಕೊಂಡು ಯಾವ ಚಾಂಪಿಯನ್ನೂ ಪಂಚ್ ಮಾಡೋಕಾಗಲ್ಲ.

ನೆಲದಿಂದ ಬಂದ ತಳ್ಳು ಮುಷ್ಟಿವರೆಗೆ ತಲುಪೋದು ಇನ್ನೊಂದು ಕಥೆ. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೇ ಉದಾಹರಣೆ ಇದೆ. ಗೌರಿಬಿದನೂರಿನಲ್ಲಿ 1960ರ ದಶಕದಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ಇದೆ. ಸಾವಿರಾರು ಕಿಲೋಮೀಟರ್ ಆಚೆ ಭೂಮಿಯೊಳಗೆ ಅಣುಬಾಂಬ್ ಪರೀಕ್ಷೆ ಮಾಡಿದ್ರೂ ಆ ನಡುಕ ಇಲ್ಲಿ ದಾಖಲಾಗುತ್ತೆ. ಕೆಳಗಿರೋ ಗಟ್ಟಿ ಬಂಡೆ ಆ ಹೊಡೆತವನ್ನ ನುಂಗದೆ ಮುಂದಕ್ಕೆ ದಾಟಿಸುತ್ತೆ.

ಮೈಯೂ ಹಾಗೇ. ಹಿಮ್ಮಡಿ, ಮೊಣಕಾಲು, ಸೊಂಟ, ಬೆನ್ನು, ಭುಜ, ಮೊಣಕೈ, ಮಣಿಕಟ್ಟು. ಹೊಡೆತ ತಾಗೋ ಕ್ಷಣದಲ್ಲಿ ಇವುಗಳಲ್ಲಿ ಒಂದು ಮೆತ್ತಗೆ ಬಾಗಿದ್ರೂ ಸಾಕು, ನೆಲ ಕೊಟ್ಟ ತಳ್ಳು ಅಲ್ಲೇ ಸತ್ತುಹೋಗುತ್ತೆ. ಮಣಿಕಟ್ಟು ಬಾಗಿಸಿ ಪ್ಯಾಡ್ ಹೊಡೆದವರಿಗೆ ಆ ನೋವು ಗೊತ್ತು. ಪವರ್ ಪ್ಯಾಡಿಗೆ ಹೋಗದೆ ಅವರ ಕೀಲಿಗೇ ಇಳಿದಿರುತ್ತೆ.

(3/8) ಸೊಂಟ

ಮಾವಿನ ತೋಪಿಗೆ ಕಲ್ಲು ಹೊಡೆಯದೇ ದೊಡ್ಡವರಾದೋರು ಚಿಂತಾಮಣಿ, ಶಿಡ್ಲಘಟ್ಟ ಕಡೆ ಇದ್ದೀರಾ? ಇದ್ರೆ ಕೈ ಎತ್ತಿ. ತೋಟದವರು ಈ ಪೋಸ್ಟ್ ನೋಡಲ್ಲ ಬಿಡಿ.

ಎತ್ತರದ ಕೊಂಬೇಲಿರೋ ಕಾಯಿಗೆ ಕಲ್ಲು ಬೀಸುವಾಗ ಏನ್ಮಾಡ್ತೀರಿ? ಎಡಗಾಲು ಮುಂದಿಡ್ತೀರಿ. ಸೊಂಟ ತಿರುಗುತ್ತೆ. ಕೈ ಇನ್ನೂ ಹಿಂದೇನೇ ಇರುತ್ತೆ. ಆಮೇಲೆ ಭುಜ, ಆಮೇಲೆ ಮೊಣಕೈ, ಕೊನೆಗೆ ಮಣಿಕಟ್ಟು "ಸುಯ್" ಅಂತ ಬಿಡುತ್ತೆ. ಇದನ್ನ ಯಾವ ಮಾಸ್ಟರೂ ಹೇಳಿಕೊಟ್ಟಿಲ್ಲ. ಈಗ ಅದೇ ಕಲ್ಲನ್ನ ಚಕ್ಕಳಮಕ್ಕಳ ಹಾಕಿ ಕೂತು ಎಸೀರಿ. ಪಕ್ಕದ ಮರಕ್ಕೂ ಹೋಗಲ್ಲ.

ಟೇಕ್ವಾಂಡೋದ ದೊಲ್ಯೊ ಚಾಗಿ, ಅಂದ್ರೆ ಸುತ್ತು ಒದೆ, ಇದೇ ಕಲ್ಲೆಸೆತವನ್ನ ಕಾಲಲ್ಲಿ ಮಾಡೋದು. ನಿಂತ ಕಾಲಿನ ಹಿಮ್ಮಡಿ ಮೊದಲು ತಿರುಗಬೇಕು, ಆಮೇಲೆ ಸೊಂಟ. ಮಡಚಿದ ಮೊಣಕಾಲು ಗುರಿ ಕಡೆ ಬರಬೇಕು. ತೊಡೆ ನಿಧಾನ ಆಗೋ ಹೊತ್ತಿಗೆ ಅದರ ವೇಗ ಮುಂಗಾಲಿಗೆ ದಾಟುತ್ತೆ, ಪಾದ ಕೊನೆಗೆ ಬಂದು ಬೀಳುತ್ತೆ. ಚಾವಟಿಯೂ ಹೀಗೇ. ಹಿಡಿ ನಿಧಾನಕ್ಕೆ ಅಲ್ಲಾಡಿದ್ರೂ ತುದಿ ಶಬ್ದಕ್ಕಿಂತ ವೇಗವಾಗಿ ಹೋಗುತ್ತೆ, "ಛಟೀರ್" ಅನ್ನೋದು ಅದಕ್ಕೇ.

ಮೊಣಕಾಲು ಮಡಚೋದು ಯಾಕೆ ಅಂತ ಹೊಸಬರು ಕೇಳ್ತಾರೆ. ಗಿರಗಿರ ತಿರುಗೋವಾಗ ಕೈ ಚಾಚಿದ್ರೆ ನಿಧಾನ, ಎದೆಗೆ ಮಡಚಿದ್ರೆ ಜೋರು. ಮಡಚಿದ ಕಾಲು ಸೊಂಟದ ಜೊತೆ ಬೇಗ ತಿರುಗುತ್ತೆ. ಬಿಚ್ಚೋದು ಕೊನೇಲಿ ಮಾತ್ರ.

ನಮ್ಮಮ್ಮ ರೇಷ್ಮೆ ನೂಲು ತೆಗೆಯೋ ಕಡೆ ಕೆಲಸ ಮಾಡ್ತಾರೆ. ಬಿಸಿನೀರಲ್ಲಿರೋ ಎಂಟು-ಹತ್ತು ಗೂಡಿನ ಎಳೆಗಳು ಸೇರಿ ಒಂದು ನೂಲಾಗುತ್ತೆ. ಒಂದೊಂದು ಎಳೆ ಕಣ್ಣಿಗೂ ಕಾಣದಷ್ಟು ತೆಳು. ಮಧ್ಯೆ ಒಂದು ಎಳೆ ತುಂಡಾದ್ರೆ ನೂಲು ಅಲ್ಲೇ ಸಣ್ಣ ಆಗುತ್ತೆ, ತಕ್ಷಣ ಬೇರೆ ಗೂಡಿನ ಎಳೆ ಸೇರಿಸಬೇಕು. ಹಿಮ್ಮಡಿ, ಸೊಂಟ, ಮೊಣಕಾಲು ಸರಿಯಾದ ಹೊತ್ತಿಗೆ ಸೇರೋದು ಅಂದಾಗೆಲ್ಲ ನಂಗೆ ಅಮ್ಮನ ಕೈ ನೆನಪಾಗುತ್ತೆ.

(4/8) ಲೆಕ್ಕ

ಮ್ಯಾಥ್ಸ್ ಅಂದ್ರೆ ಸ್ಕ್ರಾಲ್ ಮಾಡೋರು ಒಂದು ನಿಮಿಷ ನಿಲ್ಲಿ. ಹೆಚ್ಚೇನಿಲ್ಲ.

ಒಂದು ಕಾಲಿನ ತೂಕ ಇಡೀ ಮೈತೂಕದ ಸುಮಾರು ಶೇ. 16. ಒಂದು ಕೈ ಸುಮಾರು ಶೇ. 5. ನನ್ನ ಲೆಕ್ಕದಲ್ಲಿ ಕಾಲು ಏಳು ಕಿಲೋ ಚಿಲ್ಲರೆ, ಕೈ ಎರಡು ಕಿಲೋ ಚಿಲ್ಲರೆ. ಬರೀ ಕೈ ಬೀಸಿ ಪಂಚ್ ಮಾಡಿದ್ರೆ ಎದುರಿನವರಿಗೆ ತಾಗೋದು ಎರಡು ಕಿಲೋ ಸಾಮಾನು. ಸೊಂಟ, ಬೆನ್ನು ಒಂದಾಗಿ ಹಿಂದೆ ನಿಂತ್ರೆ ಆ ಕೈ ಹಿಂದೆ ಅರ್ಧ ಮೈತೂಕ ಸೇರಬಹುದು.

ಇನ್ನು ವೇಗ. ಚಲನ ಶಕ್ತಿ ಅಂದ್ರೆ ತೂಕದ ಅರ್ಧ ಗುಣಿಸು ವೇಗದ ವರ್ಗ. ತೂಕ ಎರಡರಷ್ಟಾದ್ರೆ ಶಕ್ತಿ ಎರಡರಷ್ಟು. ವೇಗ ಎರಡರಷ್ಟಾದ್ರೆ ಶಕ್ತಿ ನಾಲ್ಕರಷ್ಟು. ಸಣ್ಣಗಿರೋರಿಗೆ ಈ ಸೂತ್ರದಲ್ಲಿ ಒಂದು ಬಾಗಿಲು ತೆರೆದಿದೆ. ನಾನು ರಾತ್ರೋರಾತ್ರಿ 92 ಕಿಲೋ ಆಗೋಕಾಗಲ್ಲ. ಆದ್ರೆ ಪಾದದ ವೇಗ ತಿಂಗಳು ತಿಂಗಳಿಗೂ ಹೆಚ್ಚಿಸಬಹುದು.

ಹಾಗಂತ ಸುಳ್ಳು ಧೈರ್ಯ ಬೇಡ. ನನ್ನಷ್ಟೇ ವೇಗ, ನನ್ನಷ್ಟೇ ಅಭ್ಯಾಸ ಇರೋ 80 ಕಿಲೋ ಆಳು ನನಗಿಂತ ಜೋರಾಗಿ ಹೊಡೀತಾನೆ. ಟೂರ್ನಮೆಂಟಲ್ಲಿ ತೂಕದ ವಿಭಾಗ ಮಾಡಿರೋದು ಸುಮ್ನೆ ಅಲ್ಲ.

ಹಲಗೆ ವಿಷಯಕ್ಕೆ ಬರೋಣ. ಅದು ಪೈನ್ ಮರ, ಮೆತ್ತಗಿನ ಜಾತಿ, ಮರದ ಎಳೆ ಹೋಗೋ ದಿಕ್ಕಲ್ಲೇ ಸೀಳುತ್ತೆ. ಹಿಡ್ಕೊಂಡೋರು ಕೈ ಸಡಿಲ ಬಿಟ್ರೆ ಹಲಗೆ ಹಿಂದಕ್ಕೆ ಹೋಗುತ್ತೆ, ಒಡೆಯಲ್ಲ. ನಾನು ಮಾಡಿದ್ದು ಯೊಪ್ ಚಾಗಿ, ಪಕ್ಕದ ಒದೆ. ತಾಗಿದ್ದು ಹಿಮ್ಮಡಿ. ಸಣ್ಣ ಜಾಗ, ಗಟ್ಟಿ ಎಲುಬು, ಒತ್ತಡ ಜಾಸ್ತಿ. ಗುರಿ ಇಟ್ಟಿದ್ದು ಹಲಗೆಗೆ ಅಲ್ಲ, ಅದರ ಹಿಂದೆ ಒಂದು ಗೇಣು ಆಚೆಗೆ. ಹಲಗೆಗೇ ಗುರಿ ಇಟ್ರೆ ತಾಗೋ ಮೊದಲೇ ಮೈ ಬ್ರೇಕ್ ಹಾಕಿಬಿಡುತ್ತೆ.

(5/8) ಮೊಣಕಾಲು

ಇದು ನನ್ನ ಗೆಳತಿ ಕಥೆ. ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆ ಹಾಕ್ತಿದ್ದೀನಿ. ಹೆಸರು, ಊರು, ಕ್ಲಾಸು ಯಾವುದೂ ಬೇಡ ಅಂದಳು.

ನನಗಿಂತ ಎತ್ತರ, ನನಗಿಂತ ಗಟ್ಟಿ. ಟೊಮ್ಯಾಟೊ ಬಾಕ್ಸ್ ಎತ್ತಿ ಬೆಳೆದ ಹುಡುಗಿ. ಅವಳು ಒದ್ರೆ ಪ್ಯಾಡ್ ಹಿಡ್ಕೊಂಡೋರು ಎರಡು ಹೆಜ್ಜೆ ಹಿಂದೆ ಹೋಗ್ತಿದ್ರು. ಒಂದು ಕ್ಯಾಂಪಲ್ಲಿ ಸಿಮೆಂಟ್ ನೆಲದ ಮೇಲೆ ತೆಳ್ಳನೆ ಮ್ಯಾಟ್. ಸಂಜೆ ಹೊತ್ತು, ಎಲ್ರಿಗೂ ಸುಸ್ತು. "ಇನ್ನೂ ಜೋರಾಗಿ, ಇನ್ನೂ ಜೋರಾಗಿ" ಅಂತ ಕೂಗ್ತಿದ್ರು. ಬೆವರಿದ ಪಾದ ಮ್ಯಾಟಿಗೆ ಅಂಟ್ಕೊಂಡಿತ್ತು. ಸೊಂಟ ತಿರುಗಿತು, ಪಾದ ತಿರುಗಲಿಲ್ಲ. ಆ ತಿರುವು ಪೂರ್ತಿ ಮಧ್ಯದಲ್ಲಿದ್ದ ಮೊಣಕಾಲಿನ ಮೇಲೆ ಬಿತ್ತು.

ಮೊಣಕಾಲು ಬಾಗಿಲ ಕೀಲಿನ ಥರ. ಮುಂದೆ ಹಿಂದೆ ಮಡಚುತ್ತೆ, ಪಕ್ಕಕ್ಕೆ ತಿರುಚೋದು ತುಂಬಾ ಕಮ್ಮಿ. ಸೊಂಟ ಹಾಗಲ್ಲ, ಅದು ಗುಂಡಿ ಒಳಗೆ ಗುಂಡು ಕೂತ ಕೀಲು, ಎಲ್ಲಾ ಕಡೆ ತಿರುಗುತ್ತೆ. ಸೊಂಟ ಮಾಡಬೇಕಾದ ಕೆಲಸ ಮೊಣಕಾಲಿಗೆ ಬಿದ್ರೆ ಒಳಗಿನ ಕಟ್ಟು ಹರಿಯುತ್ತೆ. ಡಾಕ್ಟರ್ ಹೇಳಿದ ಹೆಸರು ಎಸಿಎಲ್. ಆಪರೇಷನ್ ಆಯ್ತು. ಆ ವರ್ಷದ ಟೊಮ್ಯಾಟೊ ದುಡ್ಡು ಅದಕ್ಕೇ ಹೋಯ್ತು. ನೆಂಟರು ಬಂದು ನೋಡಿ ಹೇಳಿದ ಮಾತು ಒಂದೇ: "ಹೆಣ್ಮಗೂಗೆ ಇದೆಲ್ಲ ಯಾಕೆ ಬೇಕಿತ್ತು?"

ಈಗ ಅವಳು ನಡೀತಾಳೆ, ಮೆಟ್ಟಿಲು ಹತ್ತುತ್ತಾಳೆ. ಕ್ಲಾಸಿಗೆ ಬರಲ್ಲ. ಒಂದು ದಿನ ನನ್ನ ಪ್ರಾಕ್ಟೀಸ್ ವಿಡಿಯೋ ನೋಡ್ತಾ, ನಿಂತ ಕಾಲಿನ ಮೇಲೆ ಬೆರಳಿಟ್ಟು ಕೇಳಿದಳು, "ಪಾದ ತಿರುಗಿಸು ಅಂತ ಒಬ್ರಾದ್ರೂ ಹೇಳಿದ್ರೆ ಆಗ್ತಿತ್ತು ಅಲ್ವೇನೇ?"

ಆಗ್ತಿತ್ತು. ದೊಲ್ಯೊ ಚಾಗಿಯಲ್ಲಿ ನಿಂತ ಕಾಲಿನ ಹಿಮ್ಮಡಿ ಗುರಿ ಕಡೆ ನೋಡೋವಷ್ಟು ತಿರುಗಬೇಕು. ಪಾದದ ಮುಂಭಾಗದ ಮೇಲೆ ಭಾರ, ಹಿಮ್ಮಡಿ ಕೂದಲೆಳೆಯಷ್ಟು ಮೇಲೆ. ಅದು ತಿರುಗಿದ್ರೆ ಸೊಂಟ ಪೂರ್ತಿ ತೆರೆಯುತ್ತೆ, ಒದೆ ಜೋರಾಗುತ್ತೆ. ಮೊಣಕಾಲನ್ನ ಕಾಯೋದೂ ಅದೇ ತಿರುವು. ಪವರ್‌ಗೆ ಒಂದು ಪಾಠ, ಸೇಫ್ಟಿಗೆ ಇನ್ನೊಂದು ಪಾಠ ಅಂತ ಇಲ್ಲಿ ಬೇರೆ ಬೇರೆ ಇಲ್ಲ.

(6/8) ಸಡಿಲ, ಉಸಿರು

ಹೊಸದಾಗಿ ಸೇರಿದೋರು ಮುಷ್ಟಿ ಬಿಗಿಹಿಡಿದು, ಹಲ್ಲು ಕಚ್ಚಿ, ಭುಜ ಕಿವಿವರೆಗೆ ಎತ್ತಿ ಪಂಚ್ ಮಾಡ್ತಾರೆ. ಮುಖ ನೋಡಿದ್ರೆ ಭಯಂಕರ, ಪ್ಯಾಡಿಗೆ ಏನೂ ಆಗಿರಲ್ಲ. ಕಾರಣ ಇದೆ. ತೋಳು ಚಾಚೋ ಮಾಂಸಖಂಡ ಒಂದು, ಮಡಚೋ ಮಾಂಸಖಂಡ ಇನ್ನೊಂದು. ಎರಡನ್ನೂ ಒಟ್ಟಿಗೆ ಬಿಗಿದ್ರೆ ಆಕ್ಸಿಲರೇಟರ್, ಬ್ರೇಕ್ ಒಟ್ಟಿಗೆ ತುಳಿದ ಹಾಗೆ.

ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಮತ್ತು ತಂಡದವರು ಒಳ್ಳೇ ಫೈಟರ್‌ಗಳ ಮೈಗೆ ಸೆನ್ಸರ್ ಹಾಕಿ ಅಳೆದು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತೆ. ಹೊಡೆತ ಶುರುವಾಗುವಾಗ ಒಂದು ಬಿಗಿತ, ಮಧ್ಯೆ ಸಡಿಲ, ತಾಗೋ ಕ್ಷಣಕ್ಕೆ ಮತ್ತೊಂದು ಬಿಗಿತ. ಮಧ್ಯದ ಸಡಿಲದಲ್ಲೇ ವೇಗ ಹುಟ್ಟೋದು. ಕೊನೇ ಬಿಗಿತ ಇಡೀ ಮೈಯನ್ನ ಒಂದು ಗಟ್ಟಿ ತುಂಡು ಮಾಡೋದು.

ಆ ಕೊನೇ ಬಿಗಿತಕ್ಕೆ ಉಸಿರು ಬೇಕು. ಕೊರಿಯನ್ನಲ್ಲಿ ಅದರ ಕೂಗಿಗೆ ಕಿಹಾಪ್ ಅಂತಾರೆ. ನಮಗೇನೂ ಹೊಸದಲ್ಲ. ಮಾರ್ಕೆಟ್ಟಲ್ಲಿ ಹಮಾಲರು ಮೂಟೆ ಎತ್ತುವಾಗ, ಕೆರೆ ಹತ್ರ ಬಟ್ಟೆನ ಕಲ್ಲಿಗೆ ಬಡಿಯುವಾಗ "ಹುಸ್" ಅನ್ನಲ್ವಾ, ಅದೇ. ಉಸಿರು ಜೋರಾಗಿ ಬಿಟ್ರೆ ಹೊಟ್ಟೆ ಬಿಗಿಯಾಗುತ್ತೆ, ಸೊಂಟ ಮತ್ತು ಭುಜದ ಮಧ್ಯೆ ಸೇತುವೆ ಗಟ್ಟಿಯಾಗುತ್ತೆ.

ಕಿಹಾಪ್‌ನಲ್ಲಿರೋ "ಕಿ" ಅಂದ್ರೆ ಚೈತನ್ಯ, ಉಸಿರು. ಇದನ್ನೇ ಹಿಡ್ಕೊಂಡು ಮುಟ್ಟದೇ ಜನರನ್ನ ಬೀಳಿಸೋ ರೀಲ್ಸ್ ನೀವೂ ನೋಡಿರ್ತೀರ. ಬೀಳೋರು ಯಾವಾಗಲೂ ಆ ಗುರುಗಳ ಶಿಷ್ಯರೇ ಆಗಿರ್ತಾರೆ, ಗಮನಿಸಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಫಿಸಿಕ್ಸ್ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೇ ಒಂದು ಸಮಿತಿ ಮಾಡಿದ್ರು. ಅವರ ಊರ ಕಡೆಯವರಾದ ನಾವು ಇಂಥ ರೀಲ್‌ಗೆ ಲೈಕ್ ಒತ್ತೋ ಮೊದಲು ಒಂದು ಪ್ರಶ್ನೆನಾದ್ರೂ ಕೇಳಬೇಕು.

(7/8) ಜನರಲ್, ಒನಕೆ

ಟೇಕ್ವಾಂಡೋ ಅನ್ನೋ ಹೆಸರಿನ ಹಿಂದೆ ಇದ್ದವರು ದಕ್ಷಿಣ ಕೊರಿಯಾದ ಸೇನಾಧಿಕಾರಿ ಜನರಲ್ ಚೋಯ್ ಹಾಂಗ್ ಹಿ. 1966ರಲ್ಲಿ ಅವರು ಐಟಿಎಫ್ ಕಟ್ಟಿದ್ರು. ಪವರ್ ಎಲ್ಲಿಂದ ಬರುತ್ತೆ ಅನ್ನೋದಕ್ಕೆ ಅವರು ಆರು ಅಂಶ ಪಟ್ಟಿ ಮಾಡಿದ್ರು: ಪ್ರತಿಕ್ರಿಯೆಯ ಬಲ, ಒಂದೇ ಕಡೆ ಕೇಂದ್ರೀಕರಿಸೋದು, ಸಮತೋಲನ, ಉಸಿರಿನ ಹಿಡಿತ, ತೂಕ, ವೇಗ. ಇಲ್ಲಿವರೆಗೆ ಓದಿದವರಿಗೆ ಆರೂ ಪರಿಚಯ ಆಗಿರಬೇಕು.

ಚೋಯ್ ಅವರ ಶೈಲಿಯಲ್ಲಿ ಸೈನ್ ವೇವ್ ಅಂತ ಒಂದಿದೆ. ಹೆಜ್ಜೆ ಇಡುವಾಗ ಮೈ ಸ್ವಲ್ಪ ಏಳುತ್ತೆ, ಹೊಡೆತದ ಜೊತೆಗೇ ಇಳಿಯುತ್ತೆ. ಇಳಿಯೋ ಮೈಯ ತೂಕ ಹೊಡೆತಕ್ಕೆ ಸೇರಬೇಕು ಅನ್ನೋದು ಲೆಕ್ಕ. 1973ರಲ್ಲಿ ಶುರುವಾದ, ಈಗ ಒಲಿಂಪಿಕ್ಸ್ ನಡೆಸೋ ಇನ್ನೊಂದು ಸಂಸ್ಥೆಯ ಶೈಲಿಯಲ್ಲಿ ಈ ಏರಿಳಿತ ಇಲ್ಲ, ಅಲ್ಲಿ ಸೊಂಟದ ತಿರುವಿಗೇ ಒತ್ತು. ಇಬ್ಬರ ಜಗಳ ಇವತ್ತಿಗೂ ಮುಗಿದಿಲ್ಲ.

ನಂಗೆ ಸೈನ್ ವೇವ್ ಅರ್ಥ ಆಗಿದ್ದು ಅಜ್ಜಿಯಿಂದ. ಅಜ್ಜಿ ಒನಕೆ ಎತ್ತೋದು ನೋಡಬೇಕು. ಹಿಮ್ಮಡಿ ಏಳುತ್ತೆ, ಮೈ ಉದ್ದ ಆಗುತ್ತೆ. ಇಳಿಸುವಾಗ ಮೊಣಕಾಲು ಚೂರು ಬಾಗಿ ಇಡೀ ಮೈ ಒನಕೆ ಹಿಂದೆ ಬೀಳುತ್ತೆ. ತೋಳು ಬರೀ ದಾರಿ ತೋರಿಸುತ್ತೆ. ಬರೀ ತೋಳಲ್ಲಿ ಕುಟ್ಟಿದ್ರೆ ಹತ್ತೇ ಏಟಿಗೆ ಭುಜ ಬಿದ್ದುಹೋಗುತ್ತೆ. ಚಿತ್ರದುರ್ಗದ ಓಬವ್ವನ ಕೈಗೆ ಒನಕೆ ಸಿಕ್ಕಿದ್ದು ಆಕಸ್ಮಿಕ ಇರಬಹುದು. ಅದನ್ನ ಎತ್ತಿ ಇಳಿಸೋ ವಿದ್ಯೆ ದಿನಾ ಕುಟ್ಟೋ ಹೆಂಗಸಿಗೆ ಆಕಸ್ಮಿಕ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನದು ಬೇರೆ ಮಾತು. ಒಂದು ಕೈ ಪಂಚ್ ಮಾಡುವಾಗ ಇನ್ನೊಂದು ಕೈನ ಸೊಂಟಕ್ಕೆ ಎಳ್ಕೋತೀವಲ್ಲ, ಆ ಎಳೆತವನ್ನೇ ನ್ಯೂಟನ್ನಿನ ಪ್ರತಿಕ್ರಿಯೆ ಅಂತ ತುಂಬಾ ಕಡೆ ಹೇಳಿಕೊಡ್ತಾರೆ. ಆ ಎಳೆತ ಭುಜ ತಿರುಗೋಕೆ ಸಹಾಯ ಮಾಡುತ್ತೆ, ನಿಜ. ಮುಂದಕ್ಕೆ ನೂಕೋ ಪ್ರತಿಕ್ರಿಯೆ ಬರೋದು ಪಾದದ ಕೆಳಗಿಂದ. ಗಾಲಿ ಕುರ್ಚಿ ಮೇಲೆ ಕೂತು ಎರಡೂ ಕೈ ಆಡಿಸಿ ನೋಡಿ, ಕುರ್ಚಿ ತಿರುಗುತ್ತೆ, ಮುಂದಕ್ಕೆ ಹೋಗಲ್ಲ.

(8/8) ಮೂರು ತಿಂಗಳು

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಲ್ಲಿ ಆತ್ಮರಕ್ಷಣೆ ತರಬೇತಿ ಇದೆ. ಅವಧಿ ಮೂರು ತಿಂಗಳು. ಈ ವರ್ಷ ನಮ್ಮ ಕಡೆ ಒಂದು ಶಾಲೇಲಿ ಮಾಸ್ಟರ್‌ಗೆ ಸಹಾಯ ಮಾಡೋಕೆ ನಾನೂ ಹೋಗ್ತಿದ್ದೀನಿ.

ಮೂರು ತಿಂಗಳಲ್ಲಿ ಸ್ನಾಯು, ತೂಕ ಹೇಳಿಕೊಳ್ಳೋವಷ್ಟೇನೂ ಏರಲ್ಲ. ಇಪ್ಪತ್ತು ಥರ ಒದೆ ತೋರಿಸಿ, ವಾರ್ಷಿಕೋತ್ಸವಕ್ಕೆ ಒಂದು ಡೆಮೋ ಮಾಡಿಸಿ ಮುಗಿಸಬಹುದು. ಫೋಟೋ ಚೆನ್ನಾಗಿ ಬರುತ್ತೆ. ನಾನು ಮಾಸ್ಟರ್ ಹತ್ರ ಕೇಳ್ಕೊಂಡಿದ್ದು ಒಂದೇ: ಮೊದಲ ತಿಂಗಳು ಹಿಮ್ಮಡಿ ಮತ್ತು ಸೊಂಟಕ್ಕೆ ಬಿಡಿ ಸರ್. ಬಿಟ್ರು.

ಒಂಬತ್ತನೇ ಕ್ಲಾಸಿನ ಒಂದು ಹುಡುಗಿ, 38 ಕಿಲೋ. ಮೊದಲ ದಿನ ಅವಳು ಒದ್ದಾಗ ಪ್ಯಾಡ್ "ಚಟ್" ಅಂತು, ಅಂಗೈಲಿ ಹೊಡೆದ ಹಾಗೆ. ಅವಳೇ ನಗಾಡಿ, "ಅಕ್ಕಾ, ನನ್ ಕೈಲಿ ಇಷ್ಟೇ" ಅಂದಳು. ನಾಲ್ಕನೇ ವಾರ ಅದೇ ಪ್ಯಾಡ್, ಅದೇ 38 ಕಿಲೋ. ಶಬ್ದ "ಧಪ್" ಅಂತು. ಪ್ಯಾಡ್ ಹಿಡಿದಿದ್ದ ನನ್ನ ಮೊಣಕೈವರೆಗೂ ಬಂತು. ಅವಳು ಒಂದು ಕ್ಷಣ ತನ್ನ ಕಾಲನ್ನೇ ನೋಡ್ಕೊಂಡು ನಿಂತಳು.

ಇದರಿಂದ ಅವಳು ನಾಳೆ ಯಾರನ್ನೋ ಹೊಡೆದುರುಳಿಸ್ತಾಳೆ ಅಂತ ನಾನು ಹೇಳ್ತಿಲ್ಲ. ಹುಡುಗಿಯರಿಗೆ ಪ್ರತಿ ಕ್ಲಾಸಲ್ಲೂ ಹೇಳೋದು: ಓಡೋಕೆ ಜಾಗ ಇದ್ರೆ ಓಡು, ಕೂಗು, 112ಕ್ಕೆ ಫೋನ್ ಮಾಡು. ಬೇರೆ ದಾರಿನೇ ಇಲ್ಲದಾಗ ಒಂದು ಒದೆ, ಓಡೋಕೆ ಜಾಗ ಮಾಡ್ಕೊಳ್ಳೋಕೆ.

ಈಗ ನಿಮ್ಮ ಹೋಂವರ್ಕ್. ಗೋಡೆಗೆ ಅಂಗೈ ಊರಿ ನಿಲ್ಲಿ. ಒದೆಯೋದು ಬೇಡ. ಒಂದು ಕಾಲಿನ ಮೊಣಕಾಲು ಮಡಚಿ ಮೇಲೆತ್ತಿ, ನಿಂತ ಕಾಲಿನ ಹಿಮ್ಮಡಿಯನ್ನ ಗೋಡೆ ಕಡೆ ತಿರುಗಿಸಿ, ಸೊಂಟ ತೆರೀಲಿ, ವಾಪಸ್ ಬನ್ನಿ. ಒಂದೊಂದು ಕಡೆ ಇಪ್ಪತ್ತು ಸಲ, ದಿನಾ. ಮ್ಯಾಟ್ ಅಂಟ್ತಿದ್ರೆ ಪಾದ ಒರೆಸ್ಕೊಳ್ಳಿ. ಮೊಣಕಾಲಲ್ಲಿ ಚೂರು ತಿರುಚಿದ ಹಾಗಾದ್ರೂ ನಿಲ್ಲಿಸಿ, ಪಾದ ಎಲ್ಲಿದೆ ನೋಡಿ. ಎರಡು ವಾರ ಆದ್ಮೇಲೆ ಪ್ಯಾಡಿಗೆ ಒದ್ದು, ಶಬ್ದ ಬದಲಾಯ್ತಾ ಅಂತ ನಂಗೆ ಮೆಸೇಜ್ ಮಾಡಿ.

ತಮ್ಮನೋ ತಂಗಿನೋ ಕರಾಟೆ, ಟೇಕ್ವಾಂಡೋ ಅಂತ ಹೋಗ್ತಿದ್ರೆ ಐದನೇ ಪೋಸ್ಟ್ ಅವರ ಮನೆಯವರಿಗೆ ಕಳಿಸಿ. ಮುಂದಿನ ಸಲ ಅವರ ಕ್ಲಾಸ್ ನೋಡೋಕೆ ಹೋದಾಗ ಮಗು ಎಷ್ಟು ಎತ್ತರಕ್ಕೆ ಒದೀತು ಅಂತ ನೋಡೋ ಮೊದಲು ನಿಂತ ಕಾಲಿನ ಪಾದ ನೋಡ್ಲಿ.

#ಟೇಕ್ವಾಂಡೋ #ಚಿಕ್ಕಬಳ್ಳಾಪುರ #ಶಿಡ್ಲಘಟ್ಟ #ಚಿಂತಾಮಣಿ #ಗೌರಿಬಿದನೂರು #ಹಿಮ್ಮಡಿತಿರುಗಿಸಿ